ದಿನದ ಲೆಕ್ಕ ದಿನಕ್ಕೇ ಮುಗಿಸೋಣ

ರಾತ್ರಿ ಒಂಬತ್ತಕ್ಕೆ ಅಂಗಡಿಯ ಶಟರು ಎಳೆಯುತ್ತೇವೆ. ಎರಡೂ ಬೀಗ ಹಾಕಿ, ಒಂದು ಸಲ ಜಗ್ಗಿ ನೋಡಿ, ಕೈಮುಗಿದು ಮನೆಯ ದಾರಿ ಹಿಡಿಯುತ್ತೇವೆ. ಆದರೆ ಅಂಗಡಿ ನಿಜವಾಗಿ ಮುಚ್ಚಿತೇ? ಹಾಸಿಗೆಗೆ ತಲೆ ಕೊಟ್ಟ ಕೂಡಲೇ ಅದೇ ಅಂಗಡಿ ತಲೆಯೊಳಗೆ ಮತ್ತೆ ತೆರೆಯುತ್ತದೆ. ಹೋದ ಶುಕ್ರವಾರ ಕೊಡುತ್ತೇನೆಂದ ಅಕ್ಕಲಕೋಟೆಯ ಗಿರಾಕಿಯ ಸುದ್ದಿಯಿಲ್ಲ. ಸೂರತ್ತಿನ ಮಾಲಿನ ಮುದ್ದತು ಸೋಮವಾರಕ್ಕೆ ತೀರುತ್ತದೆ. 11ನೇ ತಾರೀಖಿಗೆ ಒಂದು ಜಿಎಸ್‌ಟಿ ರಿಟರ್ನು, 20ಕ್ಕೆ ಇನ್ನೊಂದು. ಮೊಬೈಲಿನಲ್ಲಿ ನಮ್ಮ ಖರೀದಿಗಿಂತ ಕಡಿಮೆ ಬೆಲೆಗೆ ಅದೇ ಚಾದರು ಮಾರಾಟಕ್ಕಿದೆ. ಹೀಗೆ ಎರಡು ಗಂಟೆಯಾಗುತ್ತದೆ, ಮೂರಾಗುತ್ತದೆ. ಗಿರಾಕಿಯೂ ಇಲ್ಲ, ಗಲ್ಲೆಗೆ ಕಾಸೂ ಇಲ್ಲ, ಆದರೂ ಅಂಗಡಿ ನಡೆದೇ ಇರುತ್ತದೆ.

ನಾನು ವೈದ್ಯನಲ್ಲ, ಶಾಸ್ತ್ರ ಬಲ್ಲ ಪಂಡಿತನೂ ಅಲ್ಲ. ಮ್ಯಾಟ್ರಿಕ್ ಮುಗಿಸಿ ಸೊಲ್ಲಾಪುರದ ಪೇಠೆಯಲ್ಲಿ ತಂದೆಯವರ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತವನು. ಆದರೂ ಕೆಲಸದ ಒತ್ತಡದ ಬಗ್ಗೆ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ. ಏಕೆಂದರೆ ಅದರಿಂದ ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ. ನನ್ನ ತಪ್ಪು ಕೇಳಿ ಒಂದಿಬ್ಬರಾದರೂ ಎಚ್ಚರಗೊಂಡರೆ ಅಷ್ಟೇ ಸಾಕು.

ಒಂಬೈನೂರು ರೂಪಾಯಿಯ ಸಿಟ್ಟು

2020ರ ಮಾರ್ಚ್ ತಿಂಗಳು. ಲಗ್ನಸರಾಯಿಗೆಂದು ಮಾಲು ತರಿಸಿ ಕೋಣೆ ತುಂಬಿಸಿದ್ದೆ. ಅರ್ಧಕ್ಕಿಂತ ಹೆಚ್ಚು ಮಾಲು ಉದ್ರಿಯದು. ಮಾರ್ಚ್ 25, ಯುಗಾದಿಯ ದಿನವೇ, ಕೊರೋನಾದಿಂದ ದೇಶವೆಲ್ಲ ಬಂದಾಯಿತು. ಲಗ್ನಗಳು ನಿಂತವು, ಮಾಲು ಹಾಗೆಯೇ ಉಳಿಯಿತು. ಬ್ಯಾಂಕಿನ ಕಂತುಗಳಿಗೆ ರಿಸರ್ವ್ ಬ್ಯಾಂಕು ಆಗಸ್ಟ್ ಕೊನೆಯವರೆಗೆ ಸವಲತ್ತು ಕೊಟ್ಟಿತು, ನಿಜ. ಆದರೆ ಪೇಠೆಯಲ್ಲಿ ಕೊಡಬೇಕಾದದ್ದಕ್ಕೆ ಯಾವ ಸವಲತ್ತು? ಹಳ್ಳಿಯ ಗಿರಾಕಿಗಳಿಂದ ಬರಬೇಕಾದದ್ದು ಬರಲಿಲ್ಲ, ನಾನು ಕೊಡಬೇಕಾದವರು ಫೋನು ಮಾಡುವುದನ್ನು ಬಿಡಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಕೈಗಡ ಬಡ್ಡಿ ಸಾಲ ತಂದೆ. ಅದನ್ನು ಹೆಂಡತಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ.

ಅಂದಿನಿಂದ ನಿದ್ದೆ ಹೋಯಿತು. ಹಿಂದಲೆ ಸಿಡಿಯುವುದು, ಹೊಟ್ಟೆ ಉರಿಯುವುದು, ಫೋನು ಬಾರಿಸಿದರೆ ಎದೆ ಧಸಕ್ಕೆನ್ನುವುದು ಶುರುವಾಯಿತು. ಮನೆಯಲ್ಲಿ ಯಾರಾದರೂ ನಕ್ಕರೆ ಸಿಟ್ಟು ಬರುತ್ತಿತ್ತು. ಅಂಗಡಿ ಮತ್ತೆ ತೆರೆದ ಮೇಲೆ ಒಂದು ಸಂಜೆ ರೋಕಡ ಕೂಡಿಸುವಾಗ ಒಂಬೈನೂರು ರೂಪಾಯಿ ಕಡಿಮೆ ಬಂತು. ನಮ್ಮ ದಿವಾನಜಿ ಮೂರು ಸಲ ಎಣಿಸಿದರು. ಮೂರು ಸಲವೂ ಅಷ್ಟೇ. ತಂದೆಯವರ ಕಾಲದಿಂದ ನಮ್ಮಲ್ಲಿದ್ದವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಗಿರಾಕಿಗಳ ಎದುರಿಗೇ ನಾನು ಕೂಗಿದೆ: “ಲೆಕ್ಕ ಬಾರದೆ ಇಷ್ಟು ವರ್ಷ ನಮ್ಮ ಅನ್ನ ತಿಂದಿರೇನು?”

ಅವರು ಒಂದು ಮಾತೂ ಆಡಲಿಲ್ಲ. ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ಬೀಗದ ಕೈಗೊಂಚಲು ಗಾದಿಯ ಮೇಲಿಟ್ಟು ಹೊರಟುಹೋದರು.

ರಾತ್ರಿ ಹಾಸಿಗೆಯಲ್ಲಿ ನೆನಪಾಯಿತು. ಬೆಳಿಗ್ಗೆ ಮಾಲು ಇಳಿಸಿದ ಗಾಡಿಯವನಿಗೆ ಗಲ್ಲೆಯಿಂದ ಒಂಬೈನೂರು ತೆಗೆದು ಕೊಟ್ಟವನು ನಾನೇ. ಕಿರ್ದಿಯಲ್ಲಿ ಬರೆಯಲು ಮರೆತವನೂ ನಾನೇ. ಆ ರಾತ್ರಿ ಎದೆ ಬಿಗಿಹಿಡಿದು ಕುಳಿತೇ ಬೆಳಗು ಮಾಡಿದೆ.

ಮರುದಿನ ಡಾಕ್ಟರರು ರಕ್ತದೊತ್ತಡ ನೋಡಿದರು. 170/110 ಇತ್ತು. ಎದೆಯ ಪಟ್ಟಿ ತೆಗೆಸಿ, ಹೃದಯಕ್ಕೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಒಂದೇ ಪ್ರಶ್ನೆ ಕೇಳಿದರು: “ನಿಮ್ಮ ಮನಸ್ಸಿನಲ್ಲಿರುವುದನ್ನು ಕೊನೆಯದಾಗಿ ಯಾರಿಗೆ ಹೇಳಿದ್ದೀರಿ?” ನನ್ನಲ್ಲಿ ಉತ್ತರವಿರಲಿಲ್ಲ.

ದೇಹಕ್ಕೆ ಹುಲಿಯೂ ಒಂದೇ, ಚೆಕ್ಕೂ ಒಂದೇ

ಡಾಕ್ಟರರು ತಿಳಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಎದುರಿಗೆ ಹುಲಿ ಬಂದರೆ ದೇಹ ಓಡಲು ಅಥವಾ ಹೋರಾಡಲು ಸಿದ್ಧವಾಗುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಸಕ್ಕರೆ ಏರುತ್ತದೆ, ಜೀರ್ಣಶಕ್ತಿ ಕುಗ್ಗುತ್ತದೆ. ಹುಲಿ ಹೋದ ಮೇಲೆ ಎಲ್ಲವೂ ಮೊದಲಿನಂತಾಗಬೇಕು. ಆದರೆ ವಾಪಸು ಬಂದ ಚೆಕ್ಕು, ನೋಟೀಸಿನ ಹೆದರಿಕೆ ಇವೂ ದೇಹಕ್ಕೆ ಹುಲಿಯೇ. ಈ ಹುಲಿ ರಾತ್ರಿಯೂ ಹೋಗುವುದಿಲ್ಲ. ದೇಹ ವರ್ಷಗಟ್ಟಲೆ ಓಡುವ ಸಿದ್ಧತೆಯಲ್ಲೇ ಇದ್ದು ಸವೆಯುತ್ತದೆ.

1936ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇದನ್ನು ಮೂರು ಹಂತಗಳಾಗಿ ವಿವರಿಸಿದರು. ಮೊದಲು ಗಾಬರಿ, ನಂತರ ತಡೆದುಕೊಳ್ಳುವುದು, ಕೊನೆಗೆ ಬಳಲಿ ಬೀಳುವುದು. ನಮ್ಮ ವ್ಯಾಪಾರಿಗಳು ಎರಡನೆಯ ಹಂತದಲ್ಲಿದ್ದಾಗ “ನನಗೇನೂ ಆಗಿಲ್ಲ” ಎನ್ನುತ್ತಾರೆ. ನಾನೂ ಹಾಗೆಯೇ ಅಂದಿದ್ದೆ.

ಶಾಸ್ತ್ರಕಾರರು ಕಂಡ ನಾಲ್ಕು ಮುಖಗಳು

ಔಷಧ ತೆಗೆದುಕೊಂಡು ಮನೆಯಲ್ಲಿ ವಿಶ್ರಾಂತಿಯಲ್ಲಿದ್ದಾಗ ಸ್ವಾಧ್ಯಾಯಕ್ಕೆ ತತ್ತ್ವಾರ್ಥಸೂತ್ರ ಹಿಡಿದೆ. ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನ ನಾಲ್ಕು ಬಗೆ ಎಂದಿದೆ: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ಮೊದಲೆಷ್ಟೋ ಸಲ ಓದಿದ್ದೆ. ಧ್ಯಾನವೆಂದರೆ ಒಳ್ಳೆಯದೇ ಎಂದು ತಿಳಿದಿದ್ದ ನನಗೆ, ಕೊರಗುವುದೂ ಒಂದು ಧ್ಯಾನವೇ ಎಂಬುದು ಆಗ ಹೊಳೆಯಿತು. ಒಂದೇ ವಿಷಯದಲ್ಲಿ ಮನಸ್ಸು ನೆಟ್ಟಿದ್ದರೆ ಅದು ಧ್ಯಾನ. ರಾತ್ರಿ ಮೂರು ಗಂಟೆಗೆ ಬರದ ಬಾಕಿಯ ಮೇಲೆ ನನ್ನ ಮನಸ್ಸು ನೆಟ್ಟಷ್ಟು ಬಸದಿಯಲ್ಲಿ ಎಂದಾದರೂ ನೆಟ್ಟಿತ್ತೇ?

ಆರ್ತಧ್ಯಾನಕ್ಕೆ ನಾಲ್ಕು ಮುಖಗಳು. ಬೇಡದ್ದು ಬಂದು ಕೂಡಿತಲ್ಲ ಎಂಬ ಕೊರಗು ಒಂದು: ನೋಟೀಸು, ತೆರಿಗೆ, ಪಕ್ಕದಲ್ಲೇ ತೆರೆದ ಹೊಸ ಶೋರೂಮು. ಬೇಕಾದದ್ದು ಕೈಬಿಟ್ಟಿತಲ್ಲ ಎಂಬುದು ಎರಡನೆಯದು: ತಪ್ಪಿದ ಗಿರಾಕಿ, ಮುಳುಗಿದ ಹಣ. ದೇಹದ ನೋವನ್ನೇ ನೆನೆಯುವುದು ಮೂರನೆಯದು. ಮುಂದೆ ಇಷ್ಟು ಸಿಗಬೇಕು, ಅಷ್ಟಾಗಬೇಕು ಎಂಬ ಹಂಬಲ, ಅಂದರೆ ನಿದಾನ, ನಾಲ್ಕನೆಯದು. ನಮ್ಮ ಪೇಠೆಯ ಯಾವ ಚಿಂತೆ ಈ ನಾಲ್ಕರ ಹೊರಗಿದೆ ಹೇಳಿ?

ರೌದ್ರಧ್ಯಾನದಲ್ಲೂ ನಾಲ್ಕಿವೆ. ಅದರಲ್ಲಿ ಕೊನೆಯದು ಕೂಡಿಟ್ಟದ್ದನ್ನು ಕಾಯುವ ಕ್ರೂರ ಭಾವ. ಒಂಬೈನೂರು ರೂಪಾಯಿಗಾಗಿ ಹಿರಿಯರೊಬ್ಬರ ಮಾನ ಕಳೆದ ಸಂಜೆ ನಾನು ಎಲ್ಲಿದ್ದೆ ಎಂಬುದು ಅದನ್ನು ಓದಿದಾಗ ತಿಳಿಯಿತು. ಇರುವೆ ಕಾಲಿಗೆ ಸಿಕ್ಕೀತೆಂದು ನೋಡಿ ನಡೆಯುವವರು ನಾವು. ನೀರು ಸೋಸಿ ಕುಡಿಯುವವರು. ನಮ್ಮ ಕೈಕೆಳಗೆ ದುಡಿಯುವವರ ಮನಸ್ಸನ್ನು ತುಳಿದರೆ ಅದು ಹಿಂಸೆಯಲ್ಲವೇ? ಒತ್ತಡವನ್ನು ನಾವು ಆರೋಗ್ಯದ ಪ್ರಶ್ನೆ ಎಂದಷ್ಟೇ ತಿಳಿಯುತ್ತೇವೆ. ಅದು ಅಹಿಂಸೆಯ ಪ್ರಶ್ನೆಯೂ ಹೌದು ಎಂಬುದು ನಾನು ನಷ್ಟಪಟ್ಟು ಕಲಿತ ಪಾಠ.

ತಂದೆಯವರ ಕಿರ್ದಿ

ಆಗ ತಂದೆಯವರು ನೆನಪಾದರು. 1972ರ ಬರಗಾಲ. ನಾನು ಇನ್ನೂ ಸಣ್ಣ ಹುಡುಗ. ರೈತರು ಬರಗಾಲದ ಕಾಮಗಾರಿಗೆ ಹೋಗಿ ಖಡಿ ಒಡೆದು, ಪಡಿತರದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದ ವರ್ಷ ಅದು. ಹಳ್ಳಿಗಳ ಉದ್ರಿಯೆಲ್ಲ ಕೂತುಬಿಟ್ಟಿತ್ತು. ನಮಗಿಂತ ದೊಡ್ಡ ಸಂಕಟ ಅವರದ್ದು. ಆದರೂ ತಂದೆಯವರು ರಾತ್ರಿ ನಿದ್ದೆ ಮಾಡುತ್ತಿದ್ದರು. ಹೇಗೆ?

ಹೊತ್ತು ಮುಳುಗುವ ಮೊದಲು ಮನೆಗೆ ಬಂದು ಊಟ ಮುಗಿಸುತ್ತಿದ್ದರು. ಮತ್ತೆ ಅಂಗಡಿಗೆ ಹೋಗಿ ರೋಕಡ ಕೂಡಿಸಿ, ಕಿರ್ದಿಯಲ್ಲಿ ಆ ದಿನದ ಶಿಲ್ಕು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದರು. ಮನೆಗೆ ಬಂದು ಕೈಕಾಲು ತೊಳೆದು ಸಾಮಾಯಿಕಕ್ಕೆ ಕೂಡುತ್ತಿದ್ದರು. ಪ್ರತಿಕ್ರಮಣ ಮುಗಿಸಿ ಎದ್ದ ಮೇಲೆ ಅಂಗಡಿಯ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಯಾರಾದರೂ ಆಡಿದರೆ “ಗೆರೆ ಎಳೆದಾಯಿತು” ಎನ್ನುತ್ತಿದ್ದರು.

ಅವರಿಗೆ ದಿನಕ್ಕೆ ಎರಡು ಕಿರ್ದಿ ಇದ್ದವು. ಒಂದು ಹಣದ್ದು, ಒಂದು ಮನಸ್ಸಿನದು. ಎರಡಕ್ಕೂ ಗೆರೆ ಎಳೆದೇ ಮಲಗುತ್ತಿದ್ದರು. ನಾನು ಹಣದ ಕಿರ್ದಿ ಬರೆಯುವುದನ್ನು ಕಲಿತೆ. ಇನ್ನೊಂದನ್ನು ಮುದುಕರ ಕೆಲಸವೆಂದು ಬಿಟ್ಟೆ. ಪ್ರತಿಕ್ರಮಣವೆಂದರೆ ಹಿಂದಿರುಗಿ ಬರುವುದು, ದಿನವೆಲ್ಲ ಹೊರಗೆ ಅಲೆದ ಮನಸ್ಸು ತನ್ನ ಮನೆಗೆ ಮರಳುವುದು. ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಔಷಧ ಬೇರೆ ಯಾವುದಿದೆ?

ನಾನು ಮಾಡಿದ್ದೇನು?

ಪ್ರಾಯಶ್ಚಿತ್ತದ ಒಂಬತ್ತು ಬಗೆಗಳಲ್ಲಿ ಮೊದಲನೆಯದು ಆಲೋಚನೆ. ಇಲ್ಲಿ ಆಲೋಚನೆ ಎಂದರೆ ಯೋಚಿಸುವುದಲ್ಲ, ಆದದ್ದನ್ನು ಮುಚ್ಚಿಡದೆ ಗುರುಗಳ ಮುಂದೆ ಹೇಳುವುದು. ನಾನು ಅದನ್ನು ಮನೆಯಿಂದಲೇ ಪ್ರಾರಂಭಿಸಿದೆ. ಹೆಂಡತಿ, ಮಗ, ಸೊಸೆಯನ್ನು ಕೂಡಿಸಿಕೊಂಡು ಬಡ್ಡಿ ಸಾಲದ ಮೊತ್ತ ಹೇಳಿದೆ. ಹೆಂಡತಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಸಾಲಕ್ಕೆ ಬೇಜಾರಿಲ್ಲ. ಎಂಟು ತಿಂಗಳು ಒಬ್ಬರೇ ಹೊತ್ತಿರಲ್ಲ, ಅದಕ್ಕೆ ಬೇಜಾರು” ಅಂದಳು. ಅಂದು ರಾತ್ರಿ ಬಹುದಿನಗಳ ಮೇಲೆ ನಿದ್ದೆ ಬಂತು. ಸಾಲದಲ್ಲಿ ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ!

ಎರಡನೆಯದಾಗಿ ದಿವಾನಜಿಯವರ ಮನೆಗೆ ಹೋದೆ. ಕ್ಷಮಾವಣಿಗೆ ಪ್ರತಿವರ್ಷ ನೂರಾರು ಜನರಿಗೆ ಕ್ಷಮಾಪಣೆಯ ಸಂದೇಶ ಕಳಿಸುವವನು ನಾನು. ತಪ್ಪು ಮಾಡಿದ ಒಬ್ಬರ ಬಾಗಿಲಿಗೆ ಹೋಗಿ ನಿಲ್ಲುವುದು ಎಷ್ಟು ಕಠಿಣವೆಂದು ಅಂದು ಗೊತ್ತಾಯಿತು. ಅವರು ಒಳಗೆ ಕರೆದರು, ನೀರು ಕೊಟ್ಟರು. “ರೋಕಡ ಕೂಡಿತೇ?” ಎಂದು ಮಾತ್ರ ಕೇಳಿದರು. ನನ್ನ ಮರೆವನ್ನು ಹೇಳಿದೆ. ಗಿರಾಕಿಗಳೆದುರಿಗೆ ಬೈದದ್ದರಿಂದ, ಅಂಗಡಿಗೆ ಕರೆದುಕೊಂಡು ಬಂದು ಎಲ್ಲರೆದುರಿಗೇ ಕ್ಷಮೆ ಕೇಳಿದೆ.

ಮೂರನೆಯದಾಗಿ ಚಿಂತೆಗಳನ್ನು ಕಾಗದಕ್ಕೆ ಇಳಿಸಿದೆ. ಬರಬೇಕಾದದ್ದು ಒಟ್ಟು 11 ಲಕ್ಷ 40 ಸಾವಿರ. ಮೂರು ಕಾಲಂ ಹಾಕಿದೆ: ಬರುವುದು, ತಡವಾಗಿ ಬರುವುದು, ಬಾರದ್ದು. ಬಾರದ ಕಾಲಮಿನಲ್ಲಿ 3 ಲಕ್ಷ 10 ಸಾವಿರ ಬಂತು. “ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ” ಎಂದು ನಕ್ಕು ಅದಕ್ಕೆ ಗೆರೆ ಎಳೆದೆ. ಎಳೆಯುವಾಗ ಕೈ ನಡುಗಿತು, ಸುಳ್ಳೇಕೆ ಹೇಳಲಿ. ಆದರೆ ಆ ಹಣ ಹೋಗಿ ಎಷ್ಟೋ ದಿನವಾಗಿತ್ತು. ನನ್ನ ನಿದ್ದೆಯನ್ನು ಮಾತ್ರ ಅದು ದಿನಾಲು ಒಯ್ಯುತ್ತಿತ್ತು.

ನಾಲ್ಕನೆಯದಾಗಿ, ಕೊಡಬೇಕಾದವರಿಗೆ ಅವರು ಫೋನು ಮಾಡುವ ಮೊದಲೇ ನಾನೇ ಮಾಡಿದೆ. ಯಾವ ತಿಂಗಳು ಎಷ್ಟು ಕೊಡಬಲ್ಲೆನೆಂದು ಹೇಳಿ, ಹೇಳಿದಷ್ಟನ್ನು ತಪ್ಪದೆ ಕೊಟ್ಟೆ. ಒಬ್ಬರು ಬೈದರು. ಉಳಿದವರು ಒಪ್ಪಿದರು. ಊರ ಹೊರಗಿನ ಒಂದು ಪ್ಲಾಟು ಮಾರಿ ಬಡ್ಡಿ ಸಾಲ ತೀರಿಸಿದೆ. ಧರ್ಮಾಚರಣೆಯಿಂದ ಸಾಲ ತೀರುತ್ತದೆಂದು ನಾನು ಹೇಳುವುದಿಲ್ಲ. ಸಾಲ ತೀರುವುದು ಹಣದಿಂದಲೇ. ಆದರೆ ಪ್ಲಾಟು ಮಾರುವ ನಿರ್ಧಾರಕ್ಕೆ ಶಾಂತವಾದ ತಲೆ ಬೇಕಿತ್ತು, ಅದು ಮೊದಲು ಇರಲಿಲ್ಲ.

ಇಪ್ಪತ್ತೇಳು ಉಸಿರು

ಸಾಮಾಯಿಕಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಬೇಕು. “ಅಷ್ಟು ಪುರುಸೊತ್ತು ಎಲ್ಲಿದೆ?” ಎಂದು ತರುಣರು ಕೇಳುತ್ತಾರೆ. ಅವರಿಗೆ ನಾನು ಹೇಳುವುದು: ಕಾಯೋತ್ಸರ್ಗದಿಂದಲಾದರೂ ಪ್ರಾರಂಭಿಸಿ. ಪಾದಗಳ ನಡುವೆ ನಾಲ್ಕು ಅಂಗುಲ ಅಂತರ ಬಿಟ್ಟು, ಕೈಗಳನ್ನು ಇಳಿಬಿಟ್ಟು ನೆಟ್ಟಗೆ ನಿಲ್ಲಬೇಕು. ನಿಲ್ಲಲಾಗದವರು ಕುಳಿತುಕೊಳ್ಳಬಹುದು. ಪಂಚನಮಸ್ಕಾರ ಮಂತ್ರದ ಮೊದಲ ಎರಡು ಪದಗಳಿಗೆ ಒಂದು ಉಸಿರು, ಮುಂದಿನ ಎರಡಕ್ಕೆ ಒಂದು, ಕೊನೆಯದಕ್ಕೆ ಒಂದು. ಹೀಗೆ ಒಂದು ಮಂತ್ರಕ್ಕೆ ಮೂರು ಉಸಿರು, ಒಂಬತ್ತು ಮಂತ್ರಕ್ಕೆ ಇಪ್ಪತ್ತೇಳು. ಅವಸರವಿಲ್ಲದೆ ಒಂದು ಉಸಿರಿಗೆ ಹತ್ತು ಸೆಕೆಂಡು ಹಿಡಿದರೂ ಐದು ನಿಮಿಷದೊಳಗೆ ಮುಗಿಯುತ್ತದೆ. ನಿಧಾನವಾದ ಉಸಿರಾಟದಿಂದ ಎದೆಬಡಿತ ತಗ್ಗಿ ದೇಹಕ್ಕೆ “ಹುಲಿ ಹೋಯಿತು” ಎಂಬ ಸಂದೇಶ ಸಿಗುತ್ತದೆ ಎಂದು ನಮ್ಮ ಡಾಕ್ಟರರೂ ಒಪ್ಪಿದರು. ಕಾಯೋತ್ಸರ್ಗವೆಂದರೆ ದೇಹದ ಮಮತೆ ಬಿಡುವುದು. ಅಷ್ಟು ಹೊತ್ತಾದರೂ ಅಂಗಡಿಯ ಮಮತೆ ಬಿಟ್ಟರೆ ಸಾಕು.

ನಾನು ದಿನಕ್ಕೆ ಮೂರು ಸಲ ಮಾಡುತ್ತೇನೆ: ಅಂಗಡಿ ತೆರೆಯುವಾಗ, ಮಧ್ಯಾಹ್ನ, ಮತ್ತು ರೋಕಡ ಕೂಡಿಸಿದ ಮೇಲೆ. ಸಿಟ್ಟು ಬಂದ ಘಳಿಗೆಯಲ್ಲಿ ಮೂರೇ ಉಸಿರು, ಒಂದೇ ಮಂತ್ರ. ಬಾಯಿಂದ ಮಾತು ಹೊರಬೀಳುವ ಮೊದಲು ಅಷ್ಟು ತಡೆದರೆ ಅರ್ಧ ಪಾಪ ತಪ್ಪುತ್ತದೆ. ಸಂಜೆಯ ಬುತ್ತಿ ಹೊತ್ತು ಮುಳುಗುವ ಮೊದಲು ಅಂಗಡಿಗೇ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಹೊಟ್ಟೆ ತುಂಬ ಉಂಡು ಮಲಗಿ, ನಿದ್ದೆ ಬರಲಿಲ್ಲವೆಂದರೆ ಹೇಗೆ ಬಂದೀತು? ಹಾಸಿಗೆಯಲ್ಲಿ ಮೊಬೈಲು ಹಿಡಿದು ಪೇಠೆಯ ಗಾಳಿಸುದ್ದಿ ಓದುವುದನ್ನೂ ಬಿಟ್ಟಿದ್ದೇನೆ. ಅನರ್ಥದಂಡದಲ್ಲಿ ದುಃಶ್ರುತಿ ಎಂಬುದೊಂದಿದೆ. ಕೇಳಬಾರದ್ದನ್ನು ಕೇಳಿ ಮನಸ್ಸು ಕೆಡಿಸಿಕೊಳ್ಳುವುದು. ಅದನ್ನು ಹೇಳಿದವರಿಗೆ ವಾಟ್ಸಾಪ್ ಗೊತ್ತಿರಲಿಲ್ಲ, ಆದರೆ ಮನುಷ್ಯ ಗೊತ್ತಿದ್ದ.

ಎಲ್ಲಿ ನಿಲ್ಲಬೇಕು?

ಇಷ್ಟಾದರೂ ಮೂಲ ಪ್ರಶ್ನೆ ಉಳಿಯುತ್ತದೆ. ಮಾಲು ಹೆಚ್ಚಾಯಿತು, ಉದ್ರಿ ಹೆಚ್ಚಾಯಿತು, ಅದಕ್ಕೇ ಒತ್ತಡ ಹೆಚ್ಚಾಯಿತು. ಹೆಚ್ಚಿಸಿದವರು ಯಾರು? ಗೃಹಸ್ಥನಿಗೆ ಹೇಳಿದ ಪರಿಗ್ರಹ ಪರಿಮಾಣ ವ್ರತವು ಬಡವರಾಗಿರಿ ಎನ್ನುವುದಿಲ್ಲ, ಮಿತಿಯನ್ನು ನೀವೇ ಹಾಕಿಕೊಳ್ಳಿ ಎನ್ನುತ್ತದೆ. ನಾನು ಹಾಕಿಕೊಂಡ ಮಿತಿ ಇಷ್ಟೇ: ಅಂಗಡಿ ಒಂದೇ, ಬಂಡವಾಳದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಉದ್ರಿ ಇಲ್ಲ, ಮನೆಯವರಿಗೆ ಗೊತ್ತಿಲ್ಲದ ಸಾಲ ಎಂದೂ ಇಲ್ಲ.

ನಮ್ಮ ಸೊಲ್ಲಾಪುರದ ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರನ್ನು ನೆನೆಯಬೇಕು. ಸಂಸಾರದಿಂದ ವಿರಕ್ತರಾದ ಅವರು, ನ್ಯಾಯವಾಗಿ ಗಳಿಸಿದ ಹಣ ಸಮಾಜಕ್ಕೆ ಸಲ್ಲಬೇಕೆಂದು 1940ರಲ್ಲಿ ನಿಶ್ಚಯಿಸಿದರು. 1941ರಲ್ಲಿ ಜೈನ ಸಂಸ್ಕೃತಿ ಸಂರಕ್ಷಕ ಸಂಘಕ್ಕೆ 30 ಸಾವಿರ ರೂಪಾಯಿ ಘೋಷಿಸಿ, 1944ರಲ್ಲಿ ಸುಮಾರು ಎರಡು ಲಕ್ಷದ ತಮ್ಮ ಎಲ್ಲ ಆಸ್ತಿಯನ್ನೂ ಟ್ರಸ್ಟಿಗೆ ಒಪ್ಪಿಸಿದರು. ಜೀವರಾಜ ಜೈನ ಗ್ರಂಥಮಾಲೆಯ ಪುಸ್ತಕಗಳು ಇಂದಿಗೂ ನಮ್ಮ ಕೈಯಲ್ಲಿವೆ. ಅವರಷ್ಟು ದೊಡ್ಡ ತ್ಯಾಗ ನಮ್ಮಿಂದಾಗದು. ಆದರೆ “ಇಷ್ಟು ಸಾಕು” ಎಂಬ ಮಾತು ನಮ್ಮದೇ ಊರಿನ, ನಮ್ಮಂಥವರ ಬಾಯಿಂದ ಬರಬಲ್ಲದು ಎಂಬುದಕ್ಕೆ ಅವರೇ ಸಾಕ್ಷಿ.

ಮನೆಯವರಿಗೆ ಎರಡು ಮಾತು

ತಾಯಂದಿರೇ, ಸಹೋದರಿಯರೇ, ಮನೆಯ ಗಂಡಸರು ಊಟ ಬಿಟ್ಟರೆ, ಚಿಕ್ಕದಕ್ಕೆ ರೇಗಿದರೆ, ಒಬ್ಬರೇ ಕುಳಿತರೆ “ವ್ಯಾಪಾರದ ತಲೆನೋವು ಇರಬೇಕು” ಎಂದು ಸುಮ್ಮನಾಗಬೇಡಿ, ಕೇಳಿ. ಲೆಕ್ಕದ ಪುಸ್ತಕ ನೀವೂ ನೋಡಿ. ಇಂದು ಎಷ್ಟೋ ಅಂಗಡಿಗಳನ್ನು ಹೆಣ್ಣುಮಕ್ಕಳೇ ನಡೆಸುತ್ತಿದ್ದಾರೆ. ಅವರ ಒತ್ತಡವನ್ನು ಕೇಳುವ ಕಿವಿಯೂ ಮನೆಯಲ್ಲಿರಬೇಕು.

ಇನ್ನೊಂದು ಎಚ್ಚರಿಕೆ. ಎದೆ ಬಿಗಿತ, ಎಡಗೈ ನೋವು, ಬೆವರು ಬಂದರೆ ಮಂತ್ರ ಜಪಿಸುತ್ತಲೇ ಆಸ್ಪತ್ರೆಗೆ ಹೊರಡಿ. ನನ್ನ ಹಾಗೆ ಬೆಳಗಾಗುವವರೆಗೆ ಕೂಡಬೇಡಿ. ಡಾಕ್ಟರರನ್ನು ಕೇಳದೆ ರಕ್ತದೊತ್ತಡದ ಗುಳಿಗೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯವರು ಉಪವಾಸಕ್ಕೆ ಮುಂಚೆ ಅವರ ಸಲಹೆ ಪಡೆಯಿರಿ. ಬದುಕೇ ಸಾಕೆನಿಸುವಷ್ಟು ಮನಸ್ಸು ಕುಗ್ಗಿದರೆ ಅದು ಪಾಪಿಯ ಲಕ್ಷಣವಲ್ಲ, ಕಾಯಿಲೆಯ ಲಕ್ಷಣ. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆಯಾಗಿ ಮಾತಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ. ಮುಳುಗಿದ ಅಂಗಡಿ ಮತ್ತೆ ಎದ್ದದ್ದುಂಟು. ಈ ದುರ್ಲಭ ಮನುಷ್ಯ ಜನ್ಮ ಹೋದರೆ ಯಾವ ಪೇಠೆಯಲ್ಲೂ ಸಿಗುವುದಿಲ್ಲ.

ಈಗ ಗಾದಿಯ ಮೇಲೆ ಮಗ ಕೂಡುತ್ತಾನೆ. ದಿವಾನಜಿಯವರು ಮಧ್ಯಾಹ್ನದವರೆಗೆ ಬಂದು ಹೋಗುತ್ತಾರೆ. ಇತ್ತೀಚೆಗೆ ಒಂದು ರಾತ್ರಿ ಮಗ ಊಟ ಬೇಡವೆಂದು ಮೊಬೈಲು ನೋಡುತ್ತ ಕುಳಿತಿದ್ದ. ಮುಖ ಬಾಡಿತ್ತು. ನಾನು ಏನೂ ಬೋಧಿಸಲಿಲ್ಲ, “ಎಷ್ಟು?” ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮೊತ್ತ ಹೇಳಿದ. ಇಬ್ಬರೂ ಕೂತು ಕಾಗದದ ಮೇಲೆ ಮೂರು ಕಾಲಂ ಹಾಕಿದೆವು. ಬಾರದ್ದಕ್ಕೆ ಗೆರೆ ಎಳೆಯಲು ಅವನ ಕೈಗೆ ಪೆನ್ನು ಕೊಟ್ಟೆ.

ಗೆರೆ ಎಳೆದ. ಕಪಾಟಿನಲ್ಲಿ ಬೀಗದ ಕೈ ಇಡುವಾಗ ಮೊಬೈಲನ್ನೂ ಅದರ ಪಕ್ಕದಲ್ಲೇ ಇಟ್ಟು ಬಂದು ನನ್ನ ಮಗ್ಗುಲಲ್ಲಿ ಸಾಮಾಯಿಕಕ್ಕೆ ಕುಳಿತ.

ಜಯ ಜಿನೇಂದ್ರ.